ಕೈ ನೋಡುವ ಗಂಡ

ನಮ್ಮೂರಲ್ಲಿ ಗಂಡನಾದವನು ಹೆಂಡತಿಯ ಮುಖವನ್ನು ಎಷ್ಟು ಬೇಕಾದರೂ ನೋಡಬಹುದು, ಕೈಯನ್ನು ನೋಡಬಾರದು. ಅದರಲ್ಲೂ ಕೆಲಸ ಮಾಡುತ್ತಿರುವ ಕೈಯನ್ನು. ಹಾಗಾಗಿ ಆ ವರ್ಷ ಮಾಗಿಯ ಚಳಿ ಶುರುವಾದಾಗ ನಮ್ಮನೆಯವರು ನನ್ನ ಕೈ ನೋಡುತ್ತಿದ್ದಾರೆ ಅನ್ನುವುದು ಗೊತ್ತಾಗಿ ನನಗೆ ಭಯವಾಯಿತು. ನಾನು ಜಗಲಿಯ ಮೇಲೆ ಕೂತು ಕಾಕಡ ಹೂ ಕಟ್ಟುತ್ತಿದ್ದೆ. ಅವರು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು. ಒರೆಸಿಕೊಂಡದ್ದಾಗಿತ್ತು, ಆದರೂ ನಿಂತೇ ಇದ್ದರು. ತಲೆಯೆತ್ತಿ ನೋಡಿದರೆ ಅವರ ಕಣ್ಣು ನನ್ನ ಎಡಗೈ ಹೆಬ್ಬೆರಳ ಮೇಲಿತ್ತು. ಸೆರಗೆಳೆದು ಕೈ ಮುಚ್ಚಿಕೊಂಡೆ. ಏನೂ ಆಗದವರ ಹಾಗೆ ಅವರು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟುಹೋದರು.

ಬೇರೆ ಊರಿನವರಿಗೆ ಇದು ನಗೆಯ ಮಾತು. ನಮ್ಮಲ್ಲಿ ಹಾಗಲ್ಲ. ನಮ್ಮೂರಲ್ಲಿ ಏನಾದರೊಂದು ಹೊಸದನ್ನು ಕಂಡುಹಿಡಿಯದ ಮನೆಯೇ ಕಡಿಮೆ. ಪೋಸ್ಟ್ ಮಾಸ್ತರರ ಹೆಂಡತಿ, ದರ್ಜಿ, ಬೆಲ್ಲದ ವ್ಯಾಪಾರಿ, ಎಲ್ಲರಿಗೂ ಆ ಹುಚ್ಚು. ವರ್ಷಕ್ಕೊಮ್ಮೆ ರಾಜಧಾನಿಯಿಂದ ಪೇಟೆಂಟ್ ಸಾಹೇಬರು ಜಟಕಾದಲ್ಲಿ ಬರುತ್ತಾರೆ. ಚಾವಡಿಯಲ್ಲಿ ಕೂತು ಜನ ತಂದದ್ದನ್ನೆಲ್ಲ ನೋಡುತ್ತಾರೆ, ಒಪ್ಪಿಗೆಯಾದರೆ ಅರಗು ಕರಗಿಸಿ ಮೊಹರು ಒತ್ತುತ್ತಾರೆ. ಮೊಹರು ಬಿದ್ದ ಗಳಿಗೆಯಲ್ಲಿ, ಆ ಯಂತ್ರ ಯಾವ ಕೆಲಸ ಮಾಡುತ್ತದೋ ಆ ಕೆಲಸ ಊರಿನವರ ಕೈಯಿಂದ ಹೋಗಿಬಿಡುತ್ತದೆ. ದರ್ಜಿಯ ಷಡ್ಡಕ ಮಾಡಿದ ಹೊಸ ಬಗೆಯ ಕ್ಷೌರದ ಕತ್ತಿಗೆ ಮೊಹರು ಬಿದ್ದಾಗ ಊರಿನ ಕ್ಷೌರಿಕ ಮುನಿಯಪ್ಪ ಶಾನುಭೋಗರ ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ್ದ. ಹಳೇ ಕತ್ತಿಯನ್ನು ಯಾವ ಕಡೆಯಿಂದ ಹಿಡಿಯಬೇಕು ಅನ್ನುವುದೇ ಅವನಿಗೆ ತೋಚದೆ ಹೋಯಿತು. ಶಾನುಭೋಗರು ಅರ್ಧ ಮುಖಕ್ಕೆ ಅಂಗವಸ್ತ್ರ ಹೊದ್ದುಕೊಂಡು ಬೀದಿ ದಾಟಿದ್ದನ್ನು ಈಗಲೂ ಹೇಳಿಕೊಂಡು ನಗುತ್ತಾರೆ. ಮುನಿಯಪ್ಪನ ಮನೆಯವರು ನಗುವುದಿಲ್ಲ. ಈರುಳ್ಳಿ ಹೆಚ್ಚುವ ಪೆಟ್ಟಿಗೆ ಬಂತು, ಈಳಿಗೆ ಮಣೆಗಳೆಲ್ಲ ಕೊಟ್ಟಿಗೆ ಸೇರಿದವು. ಶಾಲೆಯ ಮೇಷ್ಟ್ರು ಬೆಕ್ಕಿಗೆ ಕಟ್ಟುವ ಕೊಡೆಯೊಂದನ್ನು ಮಾಡಿ ಮೊಹರು ಹಾಕಿಸಿಕೊಂಡಾಗ ಮಾತ್ರ ಯಾರಿಗೂ ಏನೂ ನಷ್ಟವಾಗಲಿಲ್ಲ. ಆವತ್ತು ಊರವರು ಅವರಿಗೆ ಹಾರ ಹಾಕಿ ಮೆರವಣಿಗೆ ಮಾಡಿದರು.

ಹೀಗಾಗಿ ನಮ್ಮ ಹೆಂಗಸರು ಗೋಡೆಗೆ ಮುಖ ಮಾಡಿ ರೊಟ್ಟಿ ತಟ್ಟುತ್ತಾರೆ. ಅಕ್ಕಸಾಲಿಗ ಪರದೆ ಬಿಟ್ಟುಕೊಂಡು ಕೂರುತ್ತಾನೆ. ಯಾರ ಮನೆಯಲ್ಲಾದರೂ ಹೊತ್ತಲ್ಲದ ಹೊತ್ತಿನಲ್ಲಿ ಸುತ್ತಿಗೆ ಸದ್ದಾದರೆ ಅಕ್ಕಪಕ್ಕದವರು ಕೆಂಡ ಕೇಳುವ ನೆಪದಲ್ಲಿ ಒಳಕ್ಕೇ ಬಂದುಬಿಡುತ್ತಾರೆ. ಕಂಡುಹಿಡಿಯುವವನು ಮೊದಲು ಮಾಡುವುದೇ ಇನ್ನೊಬ್ಬರ ಕೈ ನೋಡುವುದು. ಅದು ಎಲ್ಲರಿಗೂ ಗೊತ್ತು.

ನಮ್ಮದು ಹೂ ಕಟ್ಟುವ ಬೀದಿ. ನಾನು ಹುಟ್ಟಿದ್ದೂ ಅಲ್ಲೇ, ಮದುವೆಯಾಗಿ ಸೇರಿದ್ದೂ ಅಲ್ಲೇ. ನಮ್ಮನೆಯವರದು ತಗಡಿನ ಕೆಲಸ. ಬುಡ್ಡಿ, ಆಲಿಕೆ, ಡಬ್ಬಿ ಮಾಡುತ್ತಾರೆ, ತೂತು ಬಿದ್ದ ಕೊಡಕ್ಕೆ ಬೆಸುಗೆ ಹಾಕುತ್ತಾರೆ. ಮಾತು ಕಮ್ಮಿ. ಮದುವೆಯಾದ ಹೊಸದರಲ್ಲಿ ಈ ಮಾತಿಲ್ಲದಿರುವುದು ನನಗೆ ಹಿತವಾಗಿಯೇ ಇತ್ತು. ಈಗ ಅದೇ ನನ್ನನ್ನು ಹೆದರಿಸತೊಡಗಿತು. ಬಾಯಿ ಮುಚ್ಚಿಕೊಂಡಿರುವವನ ತಲೆಯೊಳಗೆ ಏನು ಓಡುತ್ತಿರುತ್ತದೋ ಯಾರು ಕಂಡವರು? ಮಾರನೇ ದಿನವೂ ನೋಡಿದರು. ನಾನು ಜಗಲಿ ಬಿಟ್ಟು ನಡುಮನೆಯಲ್ಲಿ ಕೂತೆ. ಅಲ್ಲಿಗೂ ನೀರು ಕುಡಿಯುವ ನೆಪದಲ್ಲಿ ಬಂದರು. ಕೋಣೆಗೆ ಹೋಗಿ ಅಗಳಿ ಹಾಕಿಕೊಂಡು ಕಟ್ಟತೊಡಗಿದೆ. ಬಾಗಿಲ ಸಂದಿಗೆ ಹಳೇ ಸೀರೆಯ ಚೂರು ತುರುಕಿದೆ.

ನನಗೆ ಭಯವಾಗಲು ಇನ್ನೊಂದು ಕಾರಣವಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ನನ್ನ ಎಡಗೈ ಹೆಬ್ಬೆರಳ ಗಿಣ್ಣು ದಸರಾ ಕಳೆದ ಮೇಲೆ ಬಿಗಿಯತೊಡಗಿತ್ತು. ಹೂವಿನ ತೊಟ್ಟನ್ನು ಒತ್ತಿ ಹಿಡಿಯುವುದು ಆ ಬೆರಳೇ. ಅದು ಮಣಿಯದಿದ್ದರೆ ನಾರು ಸಡಿಲಾಗುತ್ತದೆ, ಮಾಲೆಯಿಂದ ಹೂ ಉದುರುತ್ತದೆ. ನಾನು ತೋರುಬೆರಳ ಪಕ್ಕದಲ್ಲಿ ಒತ್ತಿಕೊಂಡು, ಒಮ್ಮೊಮ್ಮೆ ಹಲ್ಲಲ್ಲಿ ನಾರು ಕಚ್ಚಿಕೊಂಡು ಹೇಗೋ ಸಾಗಿಸುತ್ತಿದ್ದೆ. ಇವರ ಕಣ್ಣಿಗೆ ಅದು ಬಿದ್ದಿರಬೇಕು ಅಂದುಕೊಂಡೆ. ಕೈ ಕೆಟ್ಟ ಹೆಂಡತಿಗಿಂತ ಕೆಡದ ಯಂತ್ರ ವಾಸಿ ಅಂತ ಇವರಿಗೆ ಅನ್ನಿಸಿದೆ ಅಂದುಕೊಂಡೆ.

ಅತ್ತೆಗೆ ಹೇಳಲೋ ಬೇಡವೋ ಅಂತ ಹಿಂದೆಮುಂದೆ ನೋಡಿದೆ. ನಮ್ಮತ್ತೆ ದೇವೀರಮ್ಮನಿಗೆ ಈ ವಿಷಯದಲ್ಲಿ ಹಳೇ ಗಾಯವಿತ್ತು. ತಾನೇ ತೂಗುವ ತೊಟ್ಟಿಲನ್ನು ಮಾಡಿ ಮೊಹರು ಹಾಕಿಸಿಕೊಂಡವರು ನಮ್ಮ ಮಾವ. ಗಡಿಯಾರದಂಥ ಸ್ಪ್ರಿಂಗಿನ ತೊಟ್ಟಿಲು, ಕೀ ಕೊಟ್ಟರೆ ಒಂದೇ ಹದದಲ್ಲಿ ತೂಗುತ್ತದೆ. ಮೊಹರು ಬಿದ್ದಾಗ ಅತ್ತೆಯ ತೋಳಲ್ಲಿ ಕೊನೆಯ ಕೂಸಿತ್ತು. ಅದು ಅಳುತ್ತಿತ್ತು, ಅತ್ತೆ ತೂಗಲು ನೋಡಿದರೆ ತೋಳು ಕೊರಡಿನ ಹಾಗೆ ನಿಂತುಬಿಟ್ಟಿತಂತೆ. ಆಮೇಲೆ ಮಾವ ಆ ತೊಟ್ಟಿಲನ್ನು ಕಟ್ಟಿಕೊಂಡು ದೊಡ್ಡ ಊರಿಗೆ ಹೋದವರು ಅಲ್ಲೇ ಕಂಪನಿ ಮಾಡಿಕೊಂಡು ಉಳಿದರು. ಅತ್ತೆ ಮಗನನ್ನು ಬೆಳೆಸಿದ್ದೇ ಒಂದು ಕಣ್ಣಿಟ್ಟುಕೊಂಡು. ಇವರು ಚಿಕ್ಕಂದಿನಲ್ಲಿ ಗಾಳಿಪಟ ಮಾಡಿದರೂ ಅತ್ತೆ ಎರಡು ಸಲ ಬಿಚ್ಚಿ ನೋಡುತ್ತಿದ್ದರಂತೆ.

ಹೇಳದೆ ಗತಿಯಿಲ್ಲದ ಹಾಗಾಯಿತು. ಒಂದು ಬೆಳಿಗ್ಗೆ ಒಗೆಯಲು ಅವರ ಅಂಗಿ ತೆಗೆದುಕೊಂಡೆ. ಬೆಸುಗೆಯ ಕಮಟು ವಾಸನೆಯ ಅಡಿಯಲ್ಲಿ ಮಲ್ಲಿಗೆಯ ಪರಿಮಳ. ಜೇಬಿಗೆ ಕೈ ಹಾಕಿದರೆ ಬಾಳೆನಾರಿನ ಚೂರುಗಳು, ಜೊತೆಗೆ ಬಾಡಿದ ಹೂವಿನ ಒಂದು ಗೇಣು ಮಾಲೆ. ಮೊದಲು ಬಂದ ಯೋಚನೆ ಯಾವ ಹೆಂಡತಿಗಾದರೂ ಬರುವಂಥದ್ದೇ. ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಆಮೇಲೆ ಗಂಟನ್ನು ನೋಡಿದೆ. ನಮ್ಮ ಬೀದಿಯಲ್ಲಿ ಯಾರ ಗಂಟು ಯಾರದೆಂದು ಕಣ್ಣುಮುಚ್ಚಿ ಮುಟ್ಟಿ ಹೇಳಬಲ್ಲೆ. ಇದು ಯಾವ ಹೆಂಗಸಿನ ಗಂಟೂ ಆಗಿರಲಿಲ್ಲ. ಒಂದು ಕಡೆ ಕತ್ತು ಹಿಸುಕಿದ ಹಾಗೆ ಬಿಗಿ, ಇನ್ನೊಂದು ಕಡೆ ಜೋಲು. ಇದನ್ನು ಕಟ್ಟಿದ್ದು ಮನುಷ್ಯರಲ್ಲ, ಯಂತ್ರ ಅನ್ನಿಸಿತು. ಬೇರೆ ಹೆಂಗಸೊಬ್ಬಳು ಇದ್ದಿದ್ದರೇ ಚೆನ್ನಾಗಿತ್ತು, ಜಗಳವನ್ನಾದರೂ ಆಡಬಹುದಿತ್ತು.

ಅತ್ತೆ ಆ ಮಾಲೆಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಸೀರೆ ಬದಲಾಯಿಸಿಕೊಂಡು, ಮಗ ಸಂತೆಗೆ ತಗಡು ತರಲು ಹೋಗಿದ್ದ ಹೊತ್ತು ನೋಡಿ ಅಂಗಡಿಗೆ ಹೋದರು. ತಿರುಗಿ ಬಂದಾಗ ಅವರ ಮಡಿಲಲ್ಲಿ ಒಂದು ವಸ್ತುವಿತ್ತು. ಹೆಬ್ಬೆರಳಿಗೆ ತೊಡಿಸುವಂಥ ತಗಡಿನ ಕುಪ್ಪಿಗೆ, ದರ್ಜಿಯ ಬೆರಳ ಟೋಪಿಯ ಹಾಗೆ. ಅದರ ಮೇಲೆ ಕೂದಲಂಥ ಸ್ಪ್ರಿಂಗು, ಸ್ಪ್ರಿಂಗಿನ ತುದಿಗೆ ಗುಬ್ಬಿಯ ನಾಲಿಗೆಯಷ್ಟು ದೊಡ್ಡ ಒಂದು ತಗಡು. ಒಳಗೆಲ್ಲ ಮೆತ್ತನೆ ಬಟ್ಟೆ ಅಂಟಿಸಿತ್ತು. ತಗಡಿನ ಹಾಳೆಗಳ ಹಿಂದೆ ಬಚ್ಚಿಟ್ಟಿದ್ದರಂತೆ.

ನಾನು ಅದನ್ನು ಮುಟ್ಟಲಿಲ್ಲ. ಬಾವಿಗೆ ಹಾಕೋಣ ಅಂದೆ. ಅತ್ತೆ ಒಪ್ಪಲಿಲ್ಲ. ಬಾವಿಗೆ ಹಾಕಿದರೆ ಇನ್ನೊಂದು ಮಾಡುತ್ತಾನೆ, ಇದು ಬೀದಿಯ ಯಜಮಾನರ ಮುಂದೆಯೇ ಮುರಿಯಬೇಕು, ನಾಲ್ಕು ಜನರೆದುರು ಅವನಿಂದ ಆಣೆ ಹಾಕಿಸಬೇಕು ಅಂದರು. ನಮ್ಮ ಬೀದಿಯ ಯಜಮಾನ ಚಿಕ್ಕರಂಗಯ್ಯ. ಸುತ್ತಲ ದೇವಸ್ಥಾನಗಳಿಗೆಲ್ಲ ಹಾರ ಒದಗಿಸುವ ಗುತ್ತಿಗೆ ಅವನದು, ನಾವೆಲ್ಲ ಕಟ್ಟಿದ್ದು ಅವನ ಬುಟ್ಟಿಗೇ ಹೋಗುವುದು. ಅತ್ತೆ ಅದನ್ನು ಒಯ್ದು ಅವನ ಕೈಗೆ ಕೊಟ್ಟರು. ಅವನು ಬಹಳ ಗಂಭೀರವಾಗಿ, ನೀವು ಮಾಡಿದ್ದು ಸರಿ ದೇವೀರಮ್ಮ, ನಾಳೆಯೇ ಪಂಚಾಯಿತಿ ಕರೆಯುತ್ತೇನೆ ಅಂದನಂತೆ. ನಾಳೆ ಬಂತು, ನಾಡಿದ್ದೂ ಬಂತು. ಪಂಚಾಯಿತಿ ಮಾತ್ರ ಬರಲಿಲ್ಲ.

ಅತ್ತೆ ಅದನ್ನು ಕೊಟ್ಟುಬಂದ ದಿನ ಸಂಜೆ ಇವರು ಮನೆಗೆ ಬಂದ ರೀತಿಯನ್ನು ನಾನು ಮರೆಯಲಾರೆ. ಚಪ್ಪಲಿ ಬಿಡದೆ ಒಳಗೆ ಬಂದರು. ನನ್ನ ಮುಖ ನೋಡಿದರು, ಅಮ್ಮನ ಮುಖ ನೋಡಿದರು. ಅದು ಎಲ್ಲಿ ಅಂತ ಮೆಲ್ಲಗೆ ಕೇಳಿದರು. ಅತ್ತೆ ಹೇಳಿಯೇಬಿಟ್ಟರು: "ಯಜಮಾನರ ಹತ್ರ ಐತೆ. ನಿಮ್ಮಪ್ಪ ನನ್ನ ತೋಳು ತಗೊಂಡು ಹೋದ. ನೀನು ಇವಳ ಕೈ ತಗೊಳ್ಳೋಕೆ ನಾನು ಬಿಡಲ್ಲ."

ಇವರು ಕಂಬಕ್ಕೆ ಒರಗಿ ಕುಸಿದು ಕೂತರು. ನಾನು ಆ ಬಾಡಿದ ಮಾಲೆಯನ್ನು ತಂದು ಅವರ ಮುಂದೆ ಎಸೆದೆ. ಇದನ್ನು ಕಟ್ಟಿದ ಯಂತ್ರ ಅದೇ ತಾನೆ ಅಂದೆ.

"ಅದು ನಾನು ಕಟ್ಟಿದ್ದು," ಅಂದರು ಅವರು. "ಈ ಕೈಯಲ್ಲೇ. ಹೆಬ್ಬೆರಳು ಎಲ್ಲಿ ಒತ್ತಬೇಕು, ಯಾವಾಗ ಬಿಡಬೇಕು ಅಂತ ಗೊತ್ತಾಗಬೇಕಿತ್ತಲ್ಲ. ನಿನ್ನನ್ನ ಕೇಳೋ ಹಾಗಿರಲಿಲ್ಲ. ಗಿಣ್ಣು ಹಿಡಿದಿದೆ ಅಂತ ನೀನು ಯಾರಿಗೂ ಹೇಳಿರಲಿಲ್ಲ, ನನಗೂ."

ಅದನ್ನು ಮೊಹರಿಗೆ ಒಯ್ಯುವ ಯೋಚನೆಯೇ ತನಗಿರಲಿಲ್ಲ ಅಂತಲೂ ಹೇಳಿದರು. ಮೊಹರಿಲ್ಲದ ಯಂತ್ರ ಯಾರ ತಂಟೆಗೂ ಬರುವುದಿಲ್ಲ, ಅದು ನಿಜವೇ. ಅತ್ತೆ ನಂಬಲಿಲ್ಲ, ಇವರಪ್ಪನೂ ಮೊದಮೊದಲು ಹೆಂಡತಿಯ ತೋಳು ನೋಯುತ್ತದೆ ಅಂತಲೇ ಶುರುಮಾಡಿದ್ದು ಅಂದರು. ನಾನು ನಂಬಿದೆನೋ ಇಲ್ಲವೋ ನನಗೇ ತಿಳಿಯಲಿಲ್ಲ. ಮಾತು ನಿಜ ಅನ್ನಿಸುತ್ತಿತ್ತು, ಮನಸ್ಸು ಮಾತ್ರ ಬಚ್ಚಿಟ್ಟಿದ್ದು ಯಾಕೆ, ಬಚ್ಚಿಟ್ಟಿದ್ದು ಯಾಕೆ ಅಂತ ಕುಟ್ಟುತ್ತಲೇ ಇತ್ತು. ನಾನೂ ಬೆರಳನ್ನು ಬಚ್ಚಿಟ್ಟವಳೇ ಅನ್ನುವುದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ಇವರು ಆಗಲೇ ಎದ್ದು ಚಿಕ್ಕರಂಗಯ್ಯನ ಮನೆಗೆ ಹೋದರು. ಅವನು ಬಾಗಿಲಲ್ಲೇ ನಿಲ್ಲಿಸಿ, ಅದನ್ನು ಮುರಿದು ಕೆರೆಗೆ ಹಾಕಿಸಿ ಆಯಿತು ಅಂದನಂತೆ. ಮುರಿದ ಚೂರಾದರೂ ಕೊಡಿ ಅಂದರೆ ಮೀನು ನುಂಗಿರಬೇಕು ಅಂತ ನಕ್ಕನಂತೆ. ತಿರುಗಿ ಬಂದ ಇವರು ಅವನು ಮುರಿದಿಲ್ಲ ಅಂತಷ್ಟೇ ಹೇಳಿದರು. ಆವತ್ತಿನಿಂದ ಅತ್ತೆ ಅನ್ನವನ್ನು ಸರಿಯಾಗಿ ಉಣ್ಣಲಿಲ್ಲ. ಮೊಹರಿಗೆ ಯಾರು ತಂದರೂ ಸಾಹೇಬರು ಕೇಳುವುದು ಒಂದೇ, ಕೆಲಸ ಮಾಡುತ್ತದೋ ಇಲ್ಲವೋ ಅಂತ, ಮಾಡಿದವರು ಯಾರು ಅಂತಲ್ಲ. ಇದೂ ಊರಿಗೆಲ್ಲ ಗೊತ್ತಿದ್ದದ್ದೇ.

ಪೇಟೆಂಟ್ ಸಾಹೇಬರ ಜಟಕಾ ಬಂದ ದಿನ ಊರೆಲ್ಲ ಚಾವಡಿಯ ಮುಂದೆ ಸೇರಿತ್ತು. ಯಾರು ಏನು ತಂದಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ಎಲ್ಲರ ಮಡಿಲೂ ಎಲ್ಲರ ಚೀಲವೂ ಅನುಮಾನದ್ದೇ. ಆವತ್ತು ಹೆಂಗಸರು ಬೆಳಗಾಗುವ ಮೊದಲೇ ಮನೆಗೆಲಸವನ್ನೆಲ್ಲ ಮುಗಿಸಿಕೊಂಡಿರುತ್ತಾರೆ, ಮಧ್ಯಾಹ್ನದ ಮೇಲೆ ಯಾವ ಕೆಲಸ ಕೈಯಲ್ಲಿ ಉಳಿದಿರುತ್ತದೋ ಹೇಳಬರುವುದಿಲ್ಲ. ಬೆಲ್ಲದ ವ್ಯಾಪಾರಿ ನೊಣ ಓಡಿಸುವ ಗಾಣ ತಂದಿದ್ದ, ಅದು ತಿರುಗಲಿಲ್ಲ. ಇನ್ನೊಬ್ಬ ತಂದ ಎರಡು ಬಾಯಿಯ ಚೊಂಬನ್ನು ನೋಡಿ ಸಾಹೇಬರು ಆಕಳಿಸಿದರು. ಆಮೇಲೆ ಚಿಕ್ಕರಂಗಯ್ಯ ಎದ್ದುನಿಂತು ರೇಷ್ಮೆ ಕರವಸ್ತ್ರ ಬಿಚ್ಚಿದ. ಅದರಲ್ಲಿ ನಮ್ಮನೆಯವರ ಕುಪ್ಪಿಗೆ ಇತ್ತು.

ಹೂ ಕಟ್ಟುವ ಯಂತ್ರ, ನನ್ನ ಸ್ವಂತ ಬುದ್ಧಿಯಿಂದ ಮಾಡಿದ್ದು ಅಂದ. ನಮ್ಮ ಬೀದಿಯ ಹೆಂಗಸರಿಂದ ಒಂದು ನಿಟ್ಟುಸಿರು ಹೊರಟಿತು. ಮೊಹರು ಬಿದ್ದರೆ ಊರಿನ ಯಾವ ಕೈಗೂ ಗಂಟು ಹಾಕಲು ಬರುವುದಿಲ್ಲ. ಅವನು ಬಾಡಿಗೆಗೆ ಕೊಟ್ಟ ಕುಪ್ಪಿಗೆ ತೊಟ್ಟವಳಿಗೆ ಮಾತ್ರ ಕೆಲಸ. ಅತ್ತೆ ನನ್ನ ಪಕ್ಕದಲ್ಲೇ ಇದ್ದರು, ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಇವರು ಗುಂಪಿನ ಹಿಂದೆ ನಿಂತಿದ್ದರು, ಅಲ್ಲಾಡಲಿಲ್ಲ.

ಚಿಕ್ಕರಂಗಯ್ಯ ತನ್ನ ಸೊಸೆ ಪುಟ್ಟಲಕ್ಷ್ಮಿಯನ್ನು ಕರೆದು ಕೂರಿಸಿದ. ಬೀದಿಯಲ್ಲಿ ಅವಳಷ್ಟು ಚುರುಕು ಯಾರೂ ಇಲ್ಲ. ಅವಳು ಮಾವನ ಮಾತು ಮೀರಲಾರದೆ ಅದನ್ನು ತೊಟ್ಟುಕೊಂಡಳು. ಒಂದು ಜೊತೆ ಹೂ ಇಟ್ಟಳು. ತಗಡಿನ ನಾಲಿಗೆ ಹೂವನ್ನೇ ಕಚ್ಚಿ ಹರಿಯಿತು. ಮತ್ತೆ ಇಟ್ಟಳು, ನಾರು ತುಂಡಾಯಿತು. ಅವನು ಅವಳನ್ನು ಗದರಿ ಎಬ್ಬಿಸಿ ಇನ್ನೊಬ್ಬಳನ್ನು ಕೂರಿಸಿದ. ಅವಳ ಬೆರಳಿಗೆ ಅದು ಹತ್ತಲೇ ಇಲ್ಲ. ಸಾಹೇಬರು ಗಡಿಯಾರ ತೆಗೆದು ನೋಡಿದರು. ಆಗ ಅವನು ನನ್ನ ಕಡೆ ತಿರುಗಿದ. ಇವಳಿಗೆ ಇದರ ಅಭ್ಯಾಸವಿದೆ ಸ್ವಾಮಿ, ಇವಳು ಕಟ್ಟಿ ತೋರಿಸುತ್ತಾಳೆ ಅಂದ. ಅಭ್ಯಾಸ ಎಲ್ಲಿಂದ ಬರಬೇಕು? ನಾನು ಅದನ್ನು ಬೆರಳಿಗೆ ಹಾಕಿಯೂ ನೋಡಿರಲಿಲ್ಲ.

ಕೆಡಿಸಿಬಿಡಬೇಕು ಅಂತ ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿ ಕೂತೆ. ಹೂವೊಂದನ್ನು ಹಿಂದುಮುಂದಾಗಿ ಇಟ್ಟರೆ ಸಾಕು, ಎಲ್ಲ ಮುಗಿಯುತ್ತಿತ್ತು. ಕಾಲ್ಬೆರಳಿಗೆ ನಾರು ಸಿಕ್ಕಿಸಿಕೊಂಡು ಕುಪ್ಪಿಗೆ ತೊಟ್ಟೆ. ಅದು ನನ್ನ ಗಿಣ್ಣಿನ ಡೊಂಕಿನ ಮೇಲೆ ಬಂದು ಕೂತ ರೀತಿಯನ್ನು ಹೇಗೆ ಹೇಳಲಿ, ಬಿಸಿನೀರಲ್ಲಿ ಅದ್ದಿದ ಹಾಗಿತ್ತು. ಇಡೀ ಚಳಿಗಾಲ ಮರದ ತುಂಡಿನಂತಿದ್ದ ಬೆರಳು ಮಣಿಯಿತು. ಮಣಿದದ್ದೇ ತಡ, ಕೈ ನನ್ನ ಮಾತು ಕೇಳಲಿಲ್ಲ. ಹೂ ಇಟ್ಟಿತು, ಸುತ್ತಿತು, ಎಳೆಯಿತು. ಮತ್ತೆ ಇಟ್ಟಿತು. ಮೊದಲಿನಂತೆ ಕಟ್ಟುತ್ತಿದ್ದೆ, ಮದುವೆಗೆ ಮುಂಚಿನ ಹಾಗೆ. ಎಷ್ಟು ಸುಖವಾಗಿತ್ತೆಂದರೆ ನಾನೆಲ್ಲಿ ಕೂತಿದ್ದೇನೆ ಅನ್ನುವುದೇ ಮರೆತುಹೋಯಿತು. ತಲೆಯೆತ್ತಿದಾಗ ಒಂದು ಮಾರು ಮಾಲೆ ನನ್ನ ಮಡಿಲಲ್ಲಿತ್ತು, ಸಾಹೇಬರು ಅರಗಿಗೆ ದೀಪ ಹಿಡಿದಿದ್ದರು.

ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಆಗ ಇವರು ಜನರನ್ನು ಸರಿಸಿಕೊಂಡು ಮುಂದೆ ಬಂದರು. ಅಷ್ಟು ಜನರೆದುರು ಇವರು ಬಾಯಿ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಸ್ವಾಮಿ, ಮಾಡಿದವನು ನಾನು. ಅದು ಹೂ ಕಟ್ಟೋ ಯಂತ್ರ ಅಲ್ಲ. ಇವಳ ಹೆಬ್ಬೆರಳಿಗೆ ಮಾಡಿದ್ದು, ಈ ಡೊಂಕಿಗೆ, ಈ ನೋವಿಗೆ. ಬೇರೆಯವರಿಗೆ ಆಗಲ್ಲ. ತಾವೇ ಈಗ ನೋಡಿದಿರಿ."

ಚಿಕ್ಕರಂಗಯ್ಯ ಸುಮ್ಮನಿರುವವನಲ್ಲ. ಚಪ್ಪಲಿಯಲ್ಲಿ ಅಳತೆಗಳಿಲ್ಲವೇ, ಹಾಗೇ ಇದಕ್ಕೂ ಅಳತೆ ಮಾಡಿಸುತ್ತೇನೆ ಅಂದ. ಸಾಹೇಬರು ಅರಗಿನ ಕಡ್ಡಿಯನ್ನು ಕೆಳಗಿಡದೆಯೇ ಇವರನ್ನು ಕೇಳಿದರು, ಮಾಡಬಹುದೇ ಅಂತ. ಬಿಸಿ ಅರಗು ಒಂದು ಹನಿ ಕಾಗದದ ಪಕ್ಕಕ್ಕೆ ಬಿತ್ತು.

"ಮಾಡಬಹುದು ಸ್ವಾಮಿ," ಅಂದರು ಇವರು. "ಒಬ್ಬೊಬ್ಬರ ಕೈಯನ್ನೂ ಒಂದು ಚಳಿಗಾಲ ಪೂರ್ತಿ ಕೂತು ನೋಡಬೇಕು. ಅವರು ಕೆಲಸ ಮಾಡುವಾಗ, ದಣಿದಾಗ, ನೋಯುವಾಗ. ಯಾರು ತೋರಿಸ್ತಾರೋ ಕೇಳಿ."

ಸಾಹೇಬರು ಜನರ ಕಡೆ ನೋಡಿದರು. ಯಾರೂ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಆದರೂ ಅಷ್ಟೂ ಜನರ ಕೈಗಳು ಸೆರಗಿನ ಕೆಳಗೆ, ಪಂಚೆಯ ಮಡಿಕೆಯಲ್ಲಿ, ಕಂಬಳಿಯೊಳಗೆ, ಬೆನ್ನ ಹಿಂದೆ ಹೋದವು. ಚಾವಡಿಯ ಮುಂದೆ ಒಂದು ಕೈಯೂ ಕಾಣಿಸಲಿಲ್ಲ. ಚಿಕ್ಕರಂಗಯ್ಯನ ಕೈಗಳೂ ಕೋಟಿನ ಜೇಬಿನಲ್ಲಿದ್ದವು.

ಸಾಹೇಬರು ದೀಪ ಆರಿಸಿದರು. ನಾಲ್ಕು ಜನಕ್ಕೆ ಉಪಯೋಗವಾಗುವುದಕ್ಕೆ ಮಾತ್ರ ಸರ್ಕಾರದ ಮೊಹರು, ಒಬ್ಬಳ ಬೆರಳಿಗೆ ಆಗುವುದು ಉಂಗುರವಿದ್ದ ಹಾಗೆ, ಅದನ್ನು ಅವಳೇ ಇಟ್ಟುಕೊಳ್ಳಲಿ ಅಂದರು. ಮುಂದಿನವರು ಯಾರು ಅಂತ ಕೂಗಿದರು.

ಮನೆಗೆ ಬಂದ ಮೇಲೆ ಅತ್ತೆ ಮಗನಿಗೆ ಮಜ್ಜಿಗೆ ತಂದುಕೊಟ್ಟರು. ಲೋಟ ಕೊಟ್ಟು, ಈ ವರ್ಷಕ್ಕೇನೋ ಆಯಿತು ಅಂದರು. ಅದಕ್ಕಿಂತ ಹೆಚ್ಚು ಅವರು ಹೇಳುವವರಲ್ಲ. ಮಾರನೇ ದಿನದಿಂದ ನಾನು ಮತ್ತೆ ಜಗಲಿಯ ಮೇಲೆ ಕೂತೆ. ಇವರು ಅಂಗಡಿಗೆ ಹೋಗುವ ಮುನ್ನ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಸ್ಪ್ರಿಂಗು ಸಡಿಲವಾಗಿದೆಯೋ ಬಿಗಿಯಾಗಿದೆಯೋ ಅಂತ. ನಾನು ನೋಡಗೊಡುತ್ತಿದ್ದೆ. ಮೊದಮೊದಲು ಮೈಯೆಲ್ಲ ಮುಳ್ಳಾಗುತ್ತಿತ್ತು, ಆಮೇಲೆ ರೂಢಿಯಾಯಿತು. ಬೀದಿಯವರು ಹಾದುಹೋಗುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದರು. ನಮ್ಮ ಮನೆಗೆ ಕೆಂಡ ಕೇಳಲು ಬರುವವರು ಹೆಚ್ಚಾದರು.

ಹೀಗಿರುವಾಗ ಒಂದು ಮಧ್ಯಾಹ್ನ ಹಿತ್ತಲ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಪುಟ್ಟಲಕ್ಷ್ಮಿ. ಮಾವ ಊರಲ್ಲಿಲ್ಲ ಅಂತ ಪಿಸುಗುಟ್ಟಿದಳು. ಊಟಕ್ಕೆ ಬಂದಿದ್ದ ಇವರ ಮುಂದೆ ಹೋಗಿ ನಿಂತಳು. ಆಮೇಲೆ ಸೆರಗಿನೊಳಗಿಂದ ಬಲಗೈ ಹೊರಗೆ ತಂದು ಚಾಚಿದಳು. ಉಂಗುರದ ಬೆರಳು ಮಡಚಿಕೊಂಡೇ ಇತ್ತು, ನೆಟ್ಟಗಾಗುತ್ತಿರಲಿಲ್ಲ. ಬೀದಿಯ ಎಲ್ಲರಿಗಿಂತ ಚುರುಕಾದ ಕೈ ಅದು. ಹಾಗಿರುವುದು ನಮಗ್ಯಾರಿಗೂ ಗೊತ್ತಿರಲಿಲ್ಲ. ಯಾವಾಗಿನಿಂದ ಅಂತ ಕೇಳಿದೆ. ಮೂಗು ಒರೆಸಿಕೊಂಡಳು.

ಇವರು ಆ ಕೈಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಒಂದು ಚಳಿಗಾಲ ಪೂರ್ತಿ ಅಂತ ಇವರೇ ಚಾವಡಿಯಲ್ಲಿ ಹೇಳಿದ್ದು ನನಗೆ ನೆನಪಿತ್ತು. ಪುಟ್ಟಲಕ್ಷ್ಮಿಗೆ ಇನ್ನೂ ಎಳೇ ವಯಸ್ಸು, ಕೆನ್ನೆಯಲ್ಲಿ ಗುಳಿ ಬೇರೆ. ನಾನು ಚಾಪೆ ತಂದು ಹಾಸಿದೆ, ಹೂವಿನ ಬುಟ್ಟಿಯನ್ನೂ ತಂದು ನಡುವೆ ಇಟ್ಟೆ.

"ಕೂತ್ಕೊಳ್ಳಮ್ಮ, ನಾಚ್ಕೋಬೇಡ," ಅಂದೆ. "ಇವರು ನೋಡ್ಲಿ. ನಾನೂ ಇಲ್ಲೇ ಕೂತಿರ್ತೀನಿ."